ನಮ್ಮ ವಿಡಿಯೋ, ನಮ್ಮ ರೆಕಾರ್ಡರ್

ಶಾಲಾ ವಾರ್ಷಿಕೋತ್ಸವವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದೀರಿ. ಅದನ್ನು ಟಿವಿಯ ದೊಡ್ಡ ಪರದೆಯಲ್ಲಿ ನೋಡಬೇಕೆಂದರೆ ಏನು ಮಾಡುತ್ತೀರಿ? ಪೆನ್‌ಡ್ರೈವ್‌ಗೆ ನಕಲು ಮಾಡಿ ಟಿವಿಯ ಹಿಂಬದಿಗೆ ಸಿಕ್ಕಿಸುತ್ತೀರಿ. ಇಲ್ಲವೇ ಮನೆಯ ವೈಫೈ ಮೂಲಕ ಕಳುಹಿಸುತ್ತೀರಿ. ಎರಡು ನಿಮಿಷದ ಕೆಲಸ. ಆದರೆ ಈ ಶತಮಾನದ ಮೊದಲ ವರ್ಷಗಳಲ್ಲಿ ಇದು ಸುಲಭವಾಗಿರಲಿಲ್ಲ. ಟಿವಿಯ ಪಕ್ಕದಲ್ಲೇ ಹಾರ್ಡ್ ಡಿಸ್ಕ್, ಸಂಸ್ಕಾರಕ, ವಿಡಿಯೋ ಬಿಡಿಸಿ ತೋರಿಸುವ ಚಿಪ್ಪು ಎಲ್ಲವೂ ಇದ್ದ ಒಂದು ಪೆಟ್ಟಿಗೆ ಕುಳಿತಿರುತ್ತಿತ್ತು. ಅದು ಪ್ರಸಾರವಾದ ಕಾರ್ಯಕ್ರಮಗಳನ್ನು ಮುದ್ರಿಸಿ ತೋರಿಸುತ್ತಿತ್ತು. ಮನೆಯವರೇ ತೆಗೆದ ವಿಡಿಯೋವನ್ನು ಮಾತ್ರ ತೋರಿಸುತ್ತಿರಲಿಲ್ಲ.

ಸಾಮರ್ಥ್ಯವಿದ್ದೂ ಯಂತ್ರ ಏಕೆ ಒಪ್ಪಲಿಲ್ಲ? ಕೊನೆಗೆ ಅದನ್ನು ಒಪ್ಪಿಸಿದವರು ಯಾರು? ಅಮೆರಿಕದ ಟಿವೋ ಎಂಬ ರೆಕಾರ್ಡರ್‌ನ ಕಥೆಯಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರವಿದೆ. ನಮ್ಮ ಕೈಯಲ್ಲಿರುವ ಎಲ್ಲ ಸಾಧನಗಳಿಗೂ ಅನ್ವಯಿಸುವ ಉತ್ತರಗಳವು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ನೋಡೋಣ.

ಕಾಂತಪಟ್ಟಿಯ ಕಾಲ

ದೃಶ್ಯವನ್ನು ಕಾಂತಪಟ್ಟಿಯ ಮೇಲೆ ಮುದ್ರಿಸುವ ಮೊದಲ ಯಶಸ್ವಿ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ಪ್ರದರ್ಶಿಸಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಅವರ ನೇತೃತ್ವದ ಆ ತಂಡದಲ್ಲಿ ಮುಂದೆ ಧ್ವನಿ ತಂತ್ರಜ್ಞಾನದಲ್ಲಿ ಹೆಸರಾದ ರೇ ಡಾಲ್ಬಿಯೂ ಇದ್ದರು. ಧ್ವನಿಗಿಂತ ದೃಶ್ಯದ ಸಂಕೇತಗಳ ಆವೃತ್ತಿ ನೂರಾರು ಪಟ್ಟು ಹೆಚ್ಚು. ಅದನ್ನು ಹಿಡಿಯಲು ಪಟ್ಟಿಯನ್ನೇ ಅತಿವೇಗವಾಗಿ ಓಡಿಸುವ ಬದಲು ನಾಲ್ಕು ಮುದ್ರಣ ತಲೆಗಳಿದ್ದ ಚಕ್ರವನ್ನು ಸೆಕೆಂಡಿಗೆ 240 ಸುತ್ತು ತಿರುಗಿಸಿದ್ದು ಅವರ ಜಾಣ್ಮೆ. ಎರಡು ಅಂಗುಲ ಅಗಲದ ಪಟ್ಟಿ ಬೇಕಾದ ಆ ಯಂತ್ರ ಟಿವಿ ಕೇಂದ್ರಗಳಿಗಷ್ಟೇ ಎಟುಕುವಂಥದು.

ಮನೆಯವರೆಗೆ ಬಂದದ್ದು 1975ರಲ್ಲಿ ಸೋನಿ ಹೊರತಂದ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿ ಹೊರತಂದ ವಿಎಚ್ಎಸ್. ಒಡನೆಯೇ ತಕರಾರು ಹುಟ್ಟಿತು. ಪ್ರಸಾರವಾಗುವ ಚಲನಚಿತ್ರವನ್ನು ಮನೆಯಲ್ಲಿ ಮುದ್ರಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಯುನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು 1976ರಲ್ಲಿ ಸೋನಿಯ ಮೇಲೆ ಮೊಕದ್ದಮೆ ಹೂಡಿದವು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1984ರ ಜನವರಿ 17ರಂದು ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರ ತೀರ್ಪು ನೀಡಿತು. ಒಂದು ಹೊತ್ತಿಗೆ ಪ್ರಸಾರವಾದುದನ್ನು ಇನ್ನೊಂದು ಹೊತ್ತಿಗೆ ನೋಡಲು ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯಯುತ ಬಳಕೆ ಎಂಬುದು ಅದರ ತಿರುಳು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಪ್ರಸಾರದ ಕಾರ್ಯಕ್ರಮದ ಬಗ್ಗೆ ಇಷ್ಟೆಲ್ಲ ವಾದ ನಡೆಯಿತು. ನಾವೇ ತೆಗೆದ ದೃಶ್ಯದ ಬಗ್ಗೆ ಯಾರೂ ವಾದಿಸಲಿಲ್ಲ. ವಾದಿಸುವ ಅಗತ್ಯವೇ ಇರಲಿಲ್ಲ. 1983ರಲ್ಲಿ ಸೋನಿ ಮಾರಿದ ಬೀಟಾಮೂವೀ ಎಂಬ ಕ್ಯಾಮೆರಾ ಚಿತ್ರೀಕರಿಸುತ್ತಿತ್ತೇ ಹೊರತು, ಚಿತ್ರೀಕರಿಸಿದ್ದನ್ನು ತೋರಿಸುವ ಏರ್ಪಾಟು ಅದರಲ್ಲಿರಲಿಲ್ಲ. ಕ್ಯಾಸೆಟ್ಟನ್ನು ಹೊರತೆಗೆದು ಮನೆಯ ರೆಕಾರ್ಡರ್‌ಗೆ ಹಾಕಿಯೇ ನೋಡಬೇಕಿತ್ತು. ಅಂದರೆ ನಮ್ಮದೇ ವಿಡಿಯೋವನ್ನು ಮನೆಯ ರೆಕಾರ್ಡರ್‌ನಲ್ಲಿ ನೋಡುವುದು ಆ ವಿನ್ಯಾಸದ ಭಾಗವಾಗಿಯೇ ಇತ್ತು. ಕ್ಯಾಸೆಟ್ಟು ತೂರಿಸುವ ಕಿಂಡಿ ಎಲ್ಲರಿಗೂ ತೆರೆದಿತ್ತು. ಒಳಗೆ ಬಂದ ಪಟ್ಟಿ ಯಾರದ್ದೆಂದು ಯಂತ್ರ ಕೇಳುತ್ತಿರಲಿಲ್ಲ.

ಕಿಂಡಿ ಮಾಯವಾಯಿತು

1999ರ ಜನವರಿಯಲ್ಲಿ ಲಾಸ್ ವೇಗಸ್ ನಗರದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎರಡು ಹೊಸ ಬಗೆಯ ರೆಕಾರ್ಡರ್‌ಗಳು ಕಾಣಿಸಿಕೊಂಡವು: ಒಂದು ರೀಪ್ಲೇಟಿವಿ, ಇನ್ನೊಂದು ಟಿವೋ. ಟಿವೋವನ್ನು ಕಟ್ಟಿದವರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿ ದುಡಿದಿದ್ದ ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ. ಅದೇ ವರ್ಷದ ಮಾರ್ಚ್ ಕೊನೆಗೆ ಮೊದಲ ಟಿವೋ ಪೆಟ್ಟಿಗೆಗಳು ಗ್ರಾಹಕರತ್ತ ಹೊರಟವು. ಇವುಗಳಲ್ಲಿ ಪಟ್ಟಿ ಇರಲಿಲ್ಲ. ಹಾರ್ಡ್ ಡಿಸ್ಕ್ ಇತ್ತು.

ಇದರ ಹಿಂದಿನ ಲೆಕ್ಕ ವಿದ್ಯಾರ್ಥಿಗಳು ಮಾಡಿ ನೋಡುವಂಥದು. ಅಮೆರಿಕದ ಟಿವಿ ಚಿತ್ರವನ್ನು ಅಂಕೀಯವಾಗಿಸಿದರೆ ಒಂದು ಚೌಕಟ್ಟಿನಲ್ಲಿ 720 × 480 ಬಿಂದುಗಳು. ಪ್ರತಿ ಬಿಂದುವಿಗೆ ಸರಾಸರಿ 12 ಬಿಟ್, ಸೆಕೆಂಡಿಗೆ ಸುಮಾರು 30 ಚೌಕಟ್ಟು ಎಂದಿಟ್ಟುಕೊಳ್ಳಿ. ಗುಣಿಸಿದರೆ ಸೆಕೆಂಡಿಗೆ 12.4 ಕೋಟಿ ಬಿಟ್. ಒಂದು ಗಂಟೆಗೆ 56 ಗಿಗಾಬೈಟ್. ಮೊದಲ ಟಿವೋ ಮಾದರಿಯೊಂದರ ಡಿಸ್ಕಿನ ಒಟ್ಟು ಗಾತ್ರವೇ ಸುಮಾರು 14 ಗಿಗಾಬೈಟ್. ಹಾಗೆಯೇ ತುಂಬಿದ್ದರೆ ಕಾಲು ಗಂಟೆಗೆ ಡಿಸ್ಕ್ ಭರ್ತಿ. ಆದರೆ ಆ ಪೆಟ್ಟಿಗೆ 14 ಗಂಟೆಗಳ ಕಾರ್ಯಕ್ರಮ ಹಿಡಿಸುತ್ತಿತ್ತು.

ಈ ಪವಾಡ ಎಂಪೆಗ್-2 ಎಂಬ ಸಂಕುಚನ ವಿಧಾನದ್ದು. ಒಂದು ಚೌಕಟ್ಟಿಗೂ ಮುಂದಿನದಕ್ಕೂ ಸಾಮಾನ್ಯವಾಗಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ವಾರ್ತೆ ಓದುವವರ ತುಟಿ ಅಲುಗುತ್ತದೆ, ಹಿಂದಿನ ಪರದೆ ಹಾಗೇ ಇರುತ್ತದೆ. ಆದ್ದರಿಂದ ಆಗೊಂದು ಈಗೊಂದು ಚೌಕಟ್ಟನ್ನು ಪೂರ್ತಿಯಾಗಿ ಬರೆದು, ನಡುವಿನವುಗಳಲ್ಲಿ ಬದಲಾದುದನ್ನಷ್ಟೇ ಬರೆದರೆ ಸಾಕು. ಪೂರ್ಣ ಚೌಕಟ್ಟಿನಲ್ಲೂ 8 × 8 ಬಿಂದುಗಳ ಚೌಕಗಳನ್ನು ಗಣಿತದಿಂದ ರೂಪಾಂತರಿಸಿ, ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತಾರೆ. ಕನಿಷ್ಠ ಗುಣಮಟ್ಟದಲ್ಲಿ ಬಿಂದುಗಳ ಸಂಖ್ಯೆಯನ್ನೂ ಇಳಿಸಿದಾಗ ಗಂಟೆಗೆ ಒಂದು ಗಿಗಾಬೈಟ್ ಸಾಕಾಯಿತು.

ಡಿಸ್ಕಿನಲ್ಲಿ ಬರೆಯುವುದೂ ಓದುವುದೂ ಒಟ್ಟಿಗೆ ಸಾಧ್ಯ. ಹಾಗಾಗಿ ನೇರ ಪ್ರಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಅಡುಗೆಮನೆಗೆ ಹೋಗಿ ಬಂದು, ನಿಲ್ಲಿಸಿದಲ್ಲಿಂದಲೇ ನೋಡಬಹುದಿತ್ತು. ಪೆಟ್ಟಿಗೆ ದೂರವಾಣಿ ಮೂಲಕ ಕಾರ್ಯಕ್ರಮಗಳ ವೇಳಾಪಟ್ಟಿ ತರಿಸಿಕೊಂಡು, ಹೇಳಿಟ್ಟ ಧಾರಾವಾಹಿಯನ್ನು ತಾನೇ ಹುಡುಕಿ ಮುದ್ರಿಸುತ್ತಿತ್ತು. ಇಷ್ಟೆಲ್ಲ ಬಂತು; ಕ್ಯಾಸೆಟ್ಟಿನ ಕಿಂಡಿ ಮಾತ್ರ ಹೋಯಿತು. ಕ್ಯಾಮೆರಾವನ್ನು ತಂತಿಯಿಂದ ಜೋಡಿಸಿ ಹೊಸದಾಗಿ ಮುದ್ರಿಸಬಹುದಿತ್ತು. ಆದರೆ ಕಂಪ್ಯೂಟರಿನಲ್ಲಿ ಕಡತವಾಗಿ ಕುಳಿತ ವಿಡಿಯೋ ಒಳಹೋಗಲು ದಾರಿಯೇ ಇರಲಿಲ್ಲ.

ಪೆಟ್ಟಿಗೆಯೊಳಗಿನ ಕಂಪ್ಯೂಟರ್

ಟಿವೋ ನಿಜವಾಗಿ ಒಂದು ಕಂಪ್ಯೂಟರೇ. ಮೊದಲ ತಲೆಮಾರಿನಲ್ಲಿ ಪವರ್‌ಪಿಸಿ ವಂಶದ ಸಂಸ್ಕಾರಕ, 16 ಮೆಗಾಬೈಟ್ ಸ್ಮೃತಿ. ಕಾರ್ಯನಿರ್ವಹಣಾ ತಂತ್ರಾಂಶ ಲಿನಕ್ಸ್. ಲಿನಕ್ಸನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಆದರೆ ತಿದ್ದಿ ಹಂಚುವವರು ತಿದ್ದಿದ ಆಕರ ಬರಹವನ್ನೂ ಕೊಡಬೇಕು ಎಂಬುದು ಅದರ ಜಿಪಿಎಲ್ ಪರವಾನಗಿಯ ಷರತ್ತು. ಅದರಂತೆ ಟಿವೋ ತಾನು ಬದಲಿಸಿದ ಲಿನಕ್ಸ್ ತಿರುಳಿನ ಆಕರವನ್ನು ಪ್ರಕಟಿಸಿತು.

ತಿರುಪು ಬಿಚ್ಚಿ ನೋಡುವ ಹವ್ಯಾಸಿಗಳಿಗೆ ಇದು ಆಹ್ವಾನದಂತಾಯಿತು. ಮೊದಲು ಅವರು ದೊಡ್ಡ ಡಿಸ್ಕ್ ಜೋಡಿಸಿದರು. ಆಮೇಲೆ ಜಾಲಕ್ಕೆ ಸೇರಿಸಿದರು. ಸಾಂಬಾ ತಂತ್ರಾಂಶದಿಂದ ಪ್ರಸಿದ್ಧರಾದ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್, ತಮ್ಮ ದೇಶದ ಪಾಲ್ ಪದ್ಧತಿಯ ಟಿವಿಗೆ ಅಮೆರಿಕದ ಟಿವೋ ಹೊಂದುವಂತೆ ಮಾಡುವ ಕೆಲಸದಲ್ಲಿ ತೊಡಗಿದವರಲ್ಲೊಬ್ಬರು. ಪೆಟ್ಟಿಗೆಯ ಕಡತ ವ್ಯವಸ್ಥೆ ಕಂಪನಿಯದ್ದೇ ಆದ ವಿಶಿಷ್ಟ ರಚನೆ. ಅದನ್ನೂ ಹವ್ಯಾಸಿಗಳು ತಾಳ್ಮೆಯಿಂದ ಬಿಡಿಸಿದರು.

2002ರಲ್ಲಿ ಎರಡನೆಯ ತಲೆಮಾರಿನ ಟಿವೋ ಬಂತು. ಯುಎಸ್‌ಬಿ ಕಿಂಡಿಗಳಿದ್ದವು, ಸಂಸ್ಕಾರಕ ಚುರುಕಾಗಿತ್ತು, ಜೊತೆಗೆ ಬೀಗವೂ ಬಲವಾಗಿತ್ತು. ಪೆಟ್ಟಿಗೆಯೊಳಗಿನ ಒಂದು ಚಿಪ್ಪು, ವಿದ್ಯುತ್ ಬಂದೊಡನೆ ತಂತ್ರಾಂಶದ ಮೇಲೆ ಕಂಪನಿಯ ಅಂಕೀಯ ಸಹಿ ಇದೆಯೇ ಎಂದು ಪರೀಕ್ಷಿಸುತ್ತಿತ್ತು. ಒಂದಕ್ಷರ ಬದಲಾಗಿದ್ದರೂ ಸಹಿ ತಾಳೆಯಾಗದು, ಯಂತ್ರ ಏಳದು. ಮುದ್ರಿಸಿದ ಕಾರ್ಯಕ್ರಮಗಳನ್ನೂ ಗುಪ್ತಲಿಪಿಯಲ್ಲಿ ಬರೆದು, ಕೀಲಿಯನ್ನು ಆ ಪೆಟ್ಟಿಗೆಯ ಚಿಪ್ಪಿನಲ್ಲೇ ಇಡಲಾಯಿತು. ಈಗ ಪರಿಸ್ಥಿತಿ ವಿಚಿತ್ರವಾಯಿತು. ಆಕರ ಬರಹ ನಿಮ್ಮ ಕೈಗೆ ಸಿಗುತ್ತದೆ, ತಿದ್ದಲು ಪರವಾನಗಿಯೂ ಇದೆ; ತಿದ್ದಿದ್ದನ್ನು ನಿಮ್ಮದೇ ಯಂತ್ರದಲ್ಲಿ ಓಡಿಸಲಾಗದು. ಬೆಸುಗೆ ಕಡ್ಡಿ ಹಿಡಿದು ಆ ಚಿಪ್ಪನ್ನೇ ಬದಲಿಸಿದ ಸಾಹಸಿಗಳೂ ಇದ್ದರು. ಆದರೆ ಎಲ್ಲರಿಗೂ ಆಗುವ ಕೆಲಸವಲ್ಲ ಅದು.

ಕಂಪನಿಯನ್ನೇ ದೂರಬೇಕೆ?

ಹಾಗೆ ಅವಸರಿಸುವುದು ಬೇಡ. ಎದುರಾಳಿ ರೀಪ್ಲೇಟಿವಿಗೆ ಆದದ್ದನ್ನು ನೋಡಿ. 2001ರಲ್ಲಿ ಬಂದ ಅದರ 4000 ಸರಣಿಯ ಪೆಟ್ಟಿಗೆಗಳಿಗೆ ಜಾಲದ ಸಂಪರ್ಕವಿತ್ತು. ಮುದ್ರಿಸಿದ ಕಾರ್ಯಕ್ರಮವನ್ನು ಇನ್ನೊಬ್ಬ ಬಳಕೆದಾರರಿಗೆ ಕಳುಹಿಸಬಹುದಿತ್ತು. ಜಾಹೀರಾತುಗಳನ್ನು ಯಂತ್ರವೇ ದಾಟಿಸುತ್ತಿತ್ತು. ಟಿವಿ ಮತ್ತು ಚಲನಚಿತ್ರ ಸಂಸ್ಥೆಗಳು ಒಡನೆಯೇ ನ್ಯಾಯಾಲಯಕ್ಕೆ ಹೋದವು. ತಯಾರಕ ಕಂಪನಿ ಸೋನಿಕ್‌ಬ್ಲೂ 2003ರಲ್ಲಿ ದಿವಾಳಿಯಾಯಿತು. ಹೊಸ ಮಾಲೀಕರು ಮುಂದಿನ ಮಾದರಿಯಿಂದ ಆ ಸೌಲಭ್ಯಗಳನ್ನು ತೆಗೆದುಹಾಕಿದರು. ಅವು ಕಾನೂನುಬದ್ಧವೋ ಅಲ್ಲವೋ ಎಂಬ ತೀರ್ಪು ಬರಲೇ ಇಲ್ಲ.

ಇದನ್ನು ಕಂಡ ಟಿವೋ ಒಂದೊಂದೇ ಹೆಜ್ಜೆಯಾಗಿ ಬಾಗಿಲು ತೆರೆಯಿತು. 2003ರಲ್ಲಿ 99 ಡಾಲರ್ ಬೆಲೆಯ ಒಂದು ಸೌಲಭ್ಯ ಬಂತು. ಮನೆಯ ಕಂಪ್ಯೂಟರಿನಲ್ಲಿದ್ದ ಹಾಡು ಮತ್ತು ಫೋಟೋಗಳು ಟಿವಿಯಲ್ಲಿ ಬರತೊಡಗಿದವು. ಒಂದು ಕೋಣೆಯ ಪೆಟ್ಟಿಗೆಯಲ್ಲಿ ಮುದ್ರಿಸಿದ್ದನ್ನು ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ ನೋಡಬಹುದಾಯಿತು. 2004ರಲ್ಲಿ ಇದನ್ನು ಚಂದಾದಾರರಿಗೆ ಉಚಿತ ಮಾಡಿದರು. ಫೋಟೋ ಬಂತು, ಹಾಡು ಬಂತು. ಕಂಪ್ಯೂಟರಿನಲ್ಲಿದ್ದ ವಿಡಿಯೋ ಬರಲಿಲ್ಲ.

2004ರ ಆಗಸ್ಟಿನಲ್ಲಿ ಅಮೆರಿಕದ ಸಂವಹನ ಆಯೋಗದ ಮುಂದೆ ಟಿವೋದ ಇನ್ನೊಂದು ಯೋಜನೆ ಬಂತು: ಮುದ್ರಿಸಿದ ಕಾರ್ಯಕ್ರಮವನ್ನು ಕಂಪ್ಯೂಟರಿಗೆ ಒಯ್ಯುವುದು. ಚಲನಚಿತ್ರ ನಿರ್ಮಾಪಕರ ಸಂಘವೂ ಅಮೆರಿಕನ್ ಫುಟ್‌ಬಾಲ್ ಲೀಗ್ ಕೂಡ ವಿರೋಧಿಸಿದವು. ಆಯೋಗ ಒಪ್ಪಿಗೆ ನೀಡಿತು. 2005ರ ಜನವರಿಯಲ್ಲಿ 'ಟಿವೋಟುಗೋ' ಎಂಬ ಹೆಸರಿನಲ್ಲಿ ಅದು ಜಾರಿಗೆ ಬಂತು. ಹೊರಬರುವ ಕಡತಕ್ಕೆ ಬೀಗ, ಆ ಬೀಗಕ್ಕೆ ಬಳಕೆದಾರರ ಖಾತೆಯ ಹತ್ತು ಅಂಕೆಗಳ ಕೀಲಿ. ಆ ಬಳಿಕ ಬಂದ ಕಂಪನಿಯ ಕಂಪ್ಯೂಟರ್ ತಂತ್ರಾಂಶದ ಆವೃತ್ತಿಗಳಲ್ಲಿ ಹಿಮ್ಮುಖ ದಾರಿಯೂ ತೆರೆಯಿತು. ಕಂಪ್ಯೂಟರಿನಿಂದ ಪೆಟ್ಟಿಗೆಗೆ ವಿಡಿಯೋ ಕಡತ ಹೋಗತೊಡಗಿತು. ಕ್ಯಾಸೆಟ್ಟಿನ ಕಿಂಡಿ ಹೋದ ಆರೇಳು ವರ್ಷಗಳ ನಂತರ ಅದರ ಬದಲಿಗೆ ಬೇರೊಂದು ಕಿಂಡಿ ಸಿಕ್ಕಿತು. ಷರತ್ತು ಒಂದೇ: ಪೆಟ್ಟಿಗೆಗೆ ಅರ್ಥವಾಗುವ ಅಳತೆಯ ಎಂಪೆಗ್-2 ಕಡತವೇ ಬೇಕು.

ಅಳತೆ ಹೊಂದಿಸುವ ಕೆಲಸ

ಈ ಷರತ್ತಿನ ತೂಕ ತಿಳಿಯಲು ಒಂದು ಉದಾಹರಣೆ ಊಹಿಸಿಕೊಳ್ಳಿ. ಮೈಸೂರಿನಲ್ಲಿ ನಡೆದ ಮದುವೆಯ ವಿಸಿಡಿ, ಟಿವೋ ಕಂಪನಿಯ ಕಚೇರಿಯೂ ಇದ್ದ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದ ಮಗಳ ಮನೆಗೆ ತಲಪಿದೆ. ಅದರ ದೃಶ್ಯ ಎಂಪೆಗ್-1 ಬಗೆಯದು: 352 × 288 ಬಿಂದುಗಳು, ಸೆಕೆಂಡಿಗೆ 25 ಚೌಕಟ್ಟು. ಧ್ವನಿ ಸೆಕೆಂಡಿಗೆ 44,100 ಮಾದರಿಗಳದ್ದು. ಅಮೆರಿಕದ ಟಿವೋ ಕೇಳುವುದು ಎಂಪೆಗ್-2, ಎತ್ತರ 480 ಗೆರೆ, ಸೆಕೆಂಡಿಗೆ 29.97 ಚೌಕಟ್ಟು, ಧ್ವನಿ 48,000 ಮಾದರಿ. ಯಾವ ಅಳತೆಯೂ ಕೂಡಿಬರದು.

ಈ ಭಿನ್ನತೆಯ ಬೇರು ವಿದ್ಯುತ್ತಿನಲ್ಲಿದೆ. ಅಮೆರಿಕದಲ್ಲಿ ವಿದ್ಯುತ್ತಿನ ಆವೃತ್ತಿ 60 ಹರ್ಟ್ಸ್, ನಮ್ಮಲ್ಲಿ 50. ಟಿವಿಯ ಚೌಕಟ್ಟುಗಳ ಸಂಖ್ಯೆಯನ್ನು ಅದರ ಅರ್ಧಕ್ಕೆ ಹೊಂದಿಸಿದ್ದರು. ಬಣ್ಣ ಸೇರಿಸುವಾಗ ಅಮೆರಿಕದವರ 30 ಎಂಬುದು 29.97 ಆಯಿತು. ನಮ್ಮ ಪಾಲ್ ಪದ್ಧತಿಯಲ್ಲಿ ಕಾಣುವ ಗೆರೆಗಳು 576. ಇಲ್ಲೊಂದು ಸ್ವಾರಸ್ಯವಿದೆ: 576 × 25 = 14,400; 480 × 30 = 14,400. ಸೆಕೆಂಡಿಗೆ ಬರೆಯುವ ಗೆರೆಗಳು ಎರಡರಲ್ಲೂ ಸಮ. ಒಂದು ಪದ್ಧತಿ ಗೆರೆಗಳನ್ನು ಹೆಚ್ಚಿಸಿಕೊಂಡಿತು, ಇನ್ನೊಂದು ಚೌಕಟ್ಟುಗಳನ್ನು. ಆದ್ದರಿಂದ ಪಾಲ್ ಚಿತ್ರವನ್ನು ಅಮೆರಿಕದ ಪದ್ಧತಿಗೆ ತರಲು ಗೆರೆಗಳನ್ನು ಆರಕ್ಕೆ ಐದರಂತೆ ಇಳಿಸಿ, ಚೌಕಟ್ಟುಗಳನ್ನು ಐದಕ್ಕೆ ಆರರಂತೆ ಏರಿಸಬೇಕು. ಐದರಲ್ಲೊಂದು ಚೌಕಟ್ಟನ್ನು ಎರಡು ಬಾರಿ ತೋರಿಸುವುದು ಸುಲಭದ ಉಪಾಯ. ಕ್ಯಾಮೆರಾ ಅಡ್ಡಡ್ಡಲಾಗಿ ತಿರುಗುವಾಗ ಆಗುವ ಸಣ್ಣ ಕುಲುಕಾಟಕ್ಕೆ ಇದೇ ಕಾರಣ.

ಈ ಪರಿವರ್ತನೆಯನ್ನೆಲ್ಲ ಮಾಡಬಲ್ಲ ಎಫ್ಎಫ್ಎಂಪೆಗ್ ಎಂಬ ಮುಕ್ತ ತಂತ್ರಾಂಶವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ್ದರು. ಅದನ್ನು ಟಿವೋದೊಂದಿಗೆ ಬೆಸೆದದ್ದು ಹವ್ಯಾಸಿಗಳು ಪೈಥಾನ್ ಭಾಷೆಯಲ್ಲಿ ಬರೆದ ಪೈಟಿವೋ. ಅದರ ಕೆಲಸದ ರೀತಿ ಹೀಗೆ:

ಟಿವೋ ಮತ್ತು ಕಂಪ್ಯೂಟರ್ ಮನೆಯ ಜಾಲದಲ್ಲಿ 'ನಾನಿಲ್ಲಿದ್ದೇನೆ' ಎಂಬ ಸಣ್ಣ ಸಂದೇಶವನ್ನು ಆಗಾಗ ಬಿತ್ತರಿಸುತ್ತಿರುತ್ತವೆ. ಒಂದನ್ನೊಂದು ಗುರುತಿಸಿದ ಮೇಲೆ ಕಂಪ್ಯೂಟರಿನ ಹೆಸರು ಟಿವಿಯ ಪಟ್ಟಿಯಲ್ಲಿ ಮೂಡುತ್ತದೆ. ಅದನ್ನು ಆರಿಸಿದರೆ ಟಿವೋ, ವೆಬ್ ಪುಟ ಕೇಳುವ ರೀತಿಯಲ್ಲೇ, ಕಡತಗಳ ಪಟ್ಟಿ ಕೇಳುತ್ತದೆ. ಹಾಡು ಮತ್ತು ಫೋಟೋಗಳಿಗಾಗಿ ಈ ಸಂಭಾಷಣೆಯ ನಿಯಮಗಳನ್ನು ಕಂಪನಿಯೇ ಪ್ರಕಟಿಸಿತ್ತು. ಪೈಟಿವೋ ಅದೇ ಭಾಷೆಯಲ್ಲಿ ಉತ್ತರಿಸಿ ವಿಡಿಯೋಗಳ ಪಟ್ಟಿ ಕೊಡುತ್ತದೆ. ಬಳಕೆದಾರರು ಒಂದನ್ನು ಆರಿಸಿದ ಕ್ಷಣ ಎಫ್ಎಫ್ಎಂಪೆಗ್ ಪರಿವರ್ತನೆ ಆರಂಭಿಸುತ್ತದೆ. ಒಂದು ಕಡೆ ಪರಿವರ್ತನೆ, ಇನ್ನೊಂದು ಕಡೆ ಕಳುಹಿಸುವಿಕೆ, ಎರಡೂ ಒಟ್ಟಿಗೆ. ಚಿತ್ರದ ಆಕಾರ ಪರದೆಗೆ ಹೊಂದದಿದ್ದರೆ ಮೇಲೆ ಕೆಳಗೆ, ಇಲ್ಲವೇ ಅಕ್ಕಪಕ್ಕ ಕಪ್ಪುಪಟ್ಟಿ ಸೇರಿಸಿ ಕಳುಹಿಸುತ್ತದೆ. ಪೆಟ್ಟಿಗೆಯ ದೃಷ್ಟಿಯಲ್ಲಿ ಅದು ಪಕ್ಕದ ಕೋಣೆಯ ಇನ್ನೊಂದು ಟಿವೋದಿಂದ ಬಂದ ಕಾರ್ಯಕ್ರಮದಂತೆ! ಕಂಪ್ಯೂಟರ್ ನಿಧಾನವಾಗಿದ್ದು, ಪರಿವರ್ತನೆಯ ವೇಗ ನೋಡುವ ವೇಗಕ್ಕಿಂತ ಕಡಿಮೆಯಾದರೆ ಮಾತ್ರ ಚಿತ್ರ ನಡುವೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಕಾದು ನೋಡಲಾರಂಭಿಸುವುದೇ ಪರಿಹಾರ.

ಇಲ್ಲಿ ಯಾವ ಬೀಗವನ್ನೂ ಮುರಿದಿಲ್ಲ ಎಂಬುದನ್ನು ಗಮನಿಸಿ. ಪೆಟ್ಟಿಗೆಯ ಒಳಗಿನ ಒಂದಕ್ಷರವನ್ನೂ ಬದಲಿಸಿಲ್ಲ. ಹೊರಗಿನಿಂದ ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ ಮಾತನಾಡಿದರು, ಅಷ್ಟೆ. ಚಿಪ್ಪು ಕಿತ್ತು ಹಾಕಿದವರು ಕೆಲವರು. ಪೈಟಿವೋದಂಥ ದಾರಿಗೆ ಬೆಸುಗೆ ಕಡ್ಡಿ ಬೇಕಿರಲಿಲ್ಲ. ಇಂಥ ದಾರಿ ಸಾಧ್ಯವಾದದ್ದು ಸಂಭಾಷಣೆಯ ನಿಯಮಗಳು ಸರಳವಾಗಿ, ಬಹುಮಟ್ಟಿಗೆ ಬಹಿರಂಗವಾಗಿ ಇದ್ದುದರಿಂದ.

ಪರವಾನಗಿಯಲ್ಲಿ ಉಳಿದ ಹೆಸರು

ಆದರೆ ಸಹಿ ಪರೀಕ್ಷಿಸುವ ಚಿಪ್ಪಿನ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಆಕರ ಕೊಟ್ಟು, ಓಡಿಸಲು ಬಿಡದ ಈ ಕ್ರಮಕ್ಕೆ ಮುಕ್ತ ತಂತ್ರಾಂಶ ಪ್ರತಿಷ್ಠಾನ 'ಟಿವೋಕರಣ' ಎಂದು ಹೆಸರಿಟ್ಟಿತು. 2007ರ ಜೂನ್ 29ರಂದು ಪ್ರಕಟವಾದ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ ಇದನ್ನು ತಡೆಯುವ ನಿಯಮ ಸೇರಿತು: ಗೃಹಬಳಕೆಯ ಸಾಧನದಲ್ಲಿ ಇಂಥ ತಂತ್ರಾಂಶ ಕೊಡುವವರು, ಅದರ ತಿದ್ದಿದ ರೂಪವನ್ನು ಅದೇ ಸಾಧನದಲ್ಲಿ ಸ್ಥಾಪಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಇದನ್ನು ಒಪ್ಪಲಿಲ್ಲ. ತಂತ್ರಾಂಶದ ಸುಧಾರಣೆಗಳು ಹಿಂದಿರುಗಿ ಬಂದರೆ ಸಾಕು, ಯಂತ್ರಾಂಶದ ವಿನ್ಯಾಸ ತಯಾರಕರಿಗೆ ಬಿಟ್ಟದ್ದು ಎಂಬುದು ಅವರ ನಿಲುವು. ಲಿನಕ್ಸ್ ತಿರುಳು ಎರಡನೆಯ ಆವೃತ್ತಿಯಲ್ಲೇ ಉಳಿಯಿತು. ಇಬ್ಬರ ವಾದದಲ್ಲೂ ತೂಕವಿದೆ. ತರಗತಿಯಲ್ಲಿ ಚರ್ಚೆಗೆ ಇಡಬಹುದಾದ ವಿಷಯವಿದು.

ಉಳಿದದ್ದು ಏನು?

ಟಿವೋ ಕಂಪನಿ 2016ರಲ್ಲಿ ರೋವಿ ಸಂಸ್ಥೆಯ ಪಾಲಾಯಿತು, 2020ರಲ್ಲಿ ಎಕ್ಸ್‌ಪೆರಿಯೊಂದಿಗೆ ಸೇರಿತು. 2025ರ ಅಕ್ಟೋಬರಿನಲ್ಲಿ ಟಿವೋ ರೆಕಾರ್ಡರ್‌ಗಳ ಮಾರಾಟ ನಿಂತಿತು. ರೀಪ್ಲೇಟಿವಿಯನ್ನು ಸ್ಥಾಪಿಸಿದ್ದ ಆಂಟನಿ ವುಡ್ ಮುಂದೆ ರೋಕು ಕಂಪನಿ ಕಟ್ಟಿದರು. ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ ಎಂಬ ಮುಕ್ತ ತಂತ್ರಾಂಶ 2014ರಲ್ಲಿ ಕೋಡಿ ಎಂಬ ಹೆಸರು ಪಡೆದು ಇಂದಿಗೂ ಬಳಕೆಯಲ್ಲಿದೆ. ಎಫ್ಎಫ್ಎಂಪೆಗ್ ಅಂತೂ ಕಾಣದಂತೆ ಎಲ್ಲೆಡೆ ದುಡಿಯುತ್ತಿದೆ.

ಈಗ ಎರಡು ಕಡತಗಳನ್ನು ಹೋಲಿಸಿ. ಒಂದು, ಎರಡನೆಯ ತಲೆಮಾರಿನ ಟಿವೋದ ಡಿಸ್ಕಿನಲ್ಲಿ 2004ರಲ್ಲಿ ಮುದ್ರಿತವಾದ ಕಾರ್ಯಕ್ರಮ. ಆ ಪೆಟ್ಟಿಗೆಯ ಚಿಪ್ಪು ಸುಟ್ಟರೆ ಡಿಸ್ಕ್ ಕಿತ್ತು ಬೇರೆಡೆ ಹಾಕಿದರೂ ಪ್ರಯೋಜನವಿಲ್ಲ. ಕೀಲಿ ಚಿಪ್ಪಿನೊಂದಿಗೇ ಹೋಯಿತು. ಇನ್ನೊಂದು, ಅದೇ ವರ್ಷದ ಮದುವೆಯ ವಿಸಿಡಿಯಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಎಂಪೆಗ್ ಕಡತ. ಅದನ್ನು ತೋರಿಸುವ ಪೆಟ್ಟಿಗೆಗಳು ಬಂದು ಹೋದವು, ಕಡತ ಮಾತ್ರ ಇವತ್ತಿನ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಅದರ ರಚನೆಯ ವಿವರಗಳು ಮಾನಕವಾಗಿ ಪ್ರಕಟವಾಗಿರುವುದೇ ಇದಕ್ಕೆ ಕಾರಣ.

ಶಾಲೆಯ ನಾಟಕ, ಊರಿನ ಹಿರಿಯರ ಸಂದರ್ಶನ, ಪ್ರಯೋಗಶಾಲೆಯ ಪಾಠ ಇವನ್ನೆಲ್ಲ ನೀವು ಇಂದು ವಿಡಿಯೋ ಮಾಡಿಡುತ್ತಿರಬಹುದು. ಅವುಗಳಲ್ಲಿ ಒಂದನ್ನು ತೆಗೆದುಕೊಂಡು ವಿದ್ಯಾರ್ಥಿಗಳಿಂದ ಮೂರು ವಿವರ ಬರೆಸಿ: ಸಂಕುಚನ ವಿಧಾನ ಯಾವುದು, ಬಿಂದುಗಳೆಷ್ಟು, ಸೆಕೆಂಡಿಗೆ ಚೌಕಟ್ಟುಗಳೆಷ್ಟು? ಸಂಕುಚಿಸದಿದ್ದರೆ ಅದು ಎಷ್ಟು ಜಾಗ ಹಿಡಿಯುತ್ತಿತ್ತು ಎಂದು ಲೆಕ್ಕ ಹಾಕಿಸಿ. ಬಳಿಕ ಆ ಕಡತವನ್ನು ಚಿತ್ರೀಕರಿಸಿದ ಮೊಬೈಲಾಗಲಿ, ಅದರ ಆ್ಯಪ್ ಆಗಲಿ, ಯಾವ ಖಾತೆಯಾಗಲಿ ಇಲ್ಲದೆ, ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಲು ಹೇಳಿ. ತೆರೆದುಕೊಂಡರೆ ಸರಿ. ತೆರೆದುಕೊಳ್ಳದಿದ್ದರೆ, ಮೂಲ ಸಾಧನ ಕೈಯಲ್ಲಿರುವಾಗಲೇ ಅದನ್ನು ಪ್ರಕಟಿತ ಮಾನಕದ ರೂಪಕ್ಕೆ ಪರಿವರ್ತಿಸಿ ಇಟ್ಟುಕೊಳ್ಳಿ.